ಹಾಜರಿ ೧೩೦

ಇಳಕಲ್ಲಿನ ಪಾಲಿಶ್ ಫ್ಯಾಕ್ಟರಿಯ ಹಿಂದೆ
ಗುಡ್ಡೆಬಿದ್ದ ಕೆಂಪುಕಲ್ಲಿನ ಚೂರುಗಳಲ್ಲಿ
ರಾಜೇಸಾಬ ಕಂದಗಲ್ ನನಗೆ ಲೆಕ್ಕ ಕೊಯ್ದು ಕೊಟ್ಟ.
ನಾನು ಕೇಳಿದ್ದು ಹತ್ತರದು:
ಬಿಡಿಗೆ ಒಂದಿಂಚಿನ ಹರಳು, ಹತ್ತಕ್ಕೆ ಕೋಲು,
ನೂರಕ್ಕೆ ಹಾಸು, ಸಾವಿರಕ್ಕೊಂದು ದಿಮ್ಮಿ.
ಗರಗಸ ನಿಲ್ಲಿಸಿ, ಕಿವಿಯ ಹತ್ತಿ ತೆಗೆದು ನಕ್ಕ:
"ಸರ್, ಸಾವಿರದ ದಿಮ್ಮಿ ನಲವತ್ತು ಕೆಜಿ ದಾಟ್ತೈತಿ.
ಎತ್ತಾವ್ರು ಯಾರು? ನಿಮ್ಮ ಹುಡುಗರೋ, ನಾನೋ?"

ಹೀಗೆ ಭಾರವೇ ನಮ್ಮನ್ನು ನಾಲ್ಕಕ್ಕೆ ತಂದು ನಿಲ್ಲಿಸಿತು.
ನಾಲ್ಕು ಹರಳಿಗೆ ಕೋಲು. ನಾಲ್ಕು ಕೋಲಿಗೆ ಹಾಸು.
ನಾಲ್ಕು ಹಾಸಿಗೆ ದಿಮ್ಮಿ:
ಅರವತ್ನಾಲ್ಕು ಹರಳಿನ ತೂಕ, ಮೂರು ಕೆಜಿಗೆ ಒಂದಿಷ್ಟು ಕಮ್ಮಿ,
ಐದನೆಯ ಇಯತ್ತೆಯ ಮಗು ಎದೆಗವಚಿ
ಬಾಗಿಲಿನಿಂದ ಬೋರ್ಡಿನ ತನಕ ತರಬಹುದು.

ಮೊದಲ ದಿನವೇ ಯಮನೂರ ತಕರಾರು ತೆಗೆದ:
"ನಾಕು ಬರೀಬಾರದಂದ್ರ ಹೆಂಗ್ರಿ?
ನಾಕರ ಲೆಕ್ಕದಾಗ ನಾಕೇ ಇಲ್ಲ?"
ಇಲ್ಲಪ್ಪ. ಸೊನ್ನೆ, ಒಂದು, ಎರಡು, ಮೂರು. ಆಮೇಲೆ ಬಾಗಿಲು.
ನಾಲ್ಕನೆಯದು ಬಂದ ಕೂಡಲೇ ನಾಲ್ವರೂ ಎದ್ದು
ಪಕ್ಕದ ಮನೆಗೆ ಹೋಗುತ್ತಾರೆ, ಒಬ್ಬರಾಗಿ.
ಅವನಿಗೆ ಸಮಾಧಾನವಿಲ್ಲ.
ಪಾಟಿಯ ಮೂಲೆಯಲ್ಲಿ ಕದ್ದು ಒಂದು ೪ ಬರೆದು
ಅಂಗೈಯಿಂದ ಮುಚ್ಚಿಕೊಂಡ.

ಬಿಸಿಯೂಟದ ಗ್ಯಾನವ್ವ
ಪಾತ್ರೆ ಒರೆಸುವ ಅರಿವೆ ಹೆಗಲಿಗೆ ಹಾಕಿಕೊಂಡು
ಅಷ್ಟೊತ್ತೂ ಬಾಗಿಲಲ್ಲಿ ನಿಂತಿದ್ದವಳು ಒಳಗೆ ಬಂದಳು.
ಹರಳು ಮುಟ್ಟಿ, "ಚಟಾಕು." ಕೋಲು ಮುಟ್ಟಿ, "ಪಾವ."
ಹಾಸಿಗೆ, "ಸೇರು."
ದಿಮ್ಮಿಯನ್ನು ಎರಡೂ ಕೈಲಿ ಎತ್ತಿ, ಜಗ್ಗಿ ನೋಡಿ, ಇಳಿಸಿ,
"ಇದು ಪಾಯಲಿ. ನಮ್ಮತ್ತಿ ಜ್ವಾಳ ಅಳೀತಿದ್ಲು.
ಇದನ್ನ ಕಲಿಸಾಕ ಬಿ.ಎಡ್ ಮಾಡ್ಬೇಕೇನ್ರಿ?"
ಹುಡುಗರು ನಕ್ಕರು. ನಾನೂ, ಸ್ವಲ್ಪ ತಡವಾಗಿ.

ಆ ವಾರ ಹಾಜರಿಯೂ ನಾಲ್ಕರಲ್ಲೇ ಎಂದಾಯಿತು.
ಶುಕ್ರವಾರ ಯಮನೂರನ ಪಾಳಿ.
ತಲೆಗೊಂದು ಹರಳಿಟ್ಟು, ನಾಲ್ಕು ಕೂಡಿದಲ್ಲೆಲ್ಲ ಬದಲಿಸಿ,
ಒಂದು ಹಾಸು, ಎರಡು ಕೋಲು, ಮೂರು ಹರಳು:
ಬೋರ್ಡಿನ ಮೇಲೆ ದಪ್ಪಗೆ ೧೨೩.
ಮೊಟ್ಟೆಯ ಲೆಕ್ಕ ನೋಡಲು ಬಂದ ಸಾಹೇಬರು ಕನ್ನಡಕ ಏರಿಸಿದರು.
"ನೂರಾ ಇಪ್ಪತ್ಮೂರಾ? ಉಳಿದವರೆಲ್ಲಿ?"
"ಇಪ್ಪತ್ತೇಳು ತಾಟು ತೊಳದೀನ್ರಿ!"
ಅಡುಗೆಕೋಣೆಯಿಂದ ಗ್ಯಾನವ್ವ ಕೂಗಿದಳು.
ಸಾಹೇಬರು ಕಲ್ಲುಗಳ ಮುಂದೆ ಕುಕ್ಕರಗಾಲಲ್ಲಿ ಕೂತು
ಮೂರು ಸಲ ಎಣಿಸಿದರು, ಮೂರು ಸಲವೂ ಬೆರಳು ಮಡಚಿ.
ವರದಿಯಲ್ಲಿ ಏನು ಬರೆದರೋ ನನಗೆ ಗೊತ್ತಿಲ್ಲ.

ಅವರ ಬೈಕು ತಿರುವಿನಲ್ಲಿ ಮರೆಯಾದ ಮೇಲೆ ಹುಲಿಗೆಮ್ಮ ಬಂದಳು.
ಮಗ್ಗಕ್ಕೆ ಕಂಡಿಕೆ ಸುತ್ತಿಟ್ಟು ಓಡಿಬಂದವಳು,
ಜಡೆಗೆ ಅಂಟಿದ್ದ ಒಂದು ತುಣುಕು ಕೆಂಪು ನೂಲು.
ಯಮನೂರ ಅವಳ ಕೈಗೊಂದು ಹರಳು ಕೊಟ್ಟ.
ಮೂರರ ಪಕ್ಕದಲ್ಲಿಟ್ಟಳು.
ನಾಲ್ಕೂ ಡಬ್ಬಿಗೆ ಹೋದವು, ಡಬ್ಬಿಯಿಂದ ಒಂದು ಕೋಲು ಬಂತು.
ಅವನು ೨೩ ಅಳಿಸಿ ೩೦ ಬರೆದ.

ಅವಳು ಚೀಲ ಇಳಿಸದೆ ಬೋರ್ಡನ್ನೇ ನೋಡಿದಳು.
"ಸರ್, ನಾ ಬಂದಿದ್ದಕ್ಕ ಸೊನ್ನಿ ಆತೇನ್ರಿ?"

ಬಿ.ಎಡ್‌ನಲ್ಲಿ ಇದಕ್ಕೆ ಉತ್ತರ ಬರೆಸಿರಲಿಲ್ಲ.
ಮೂರನೆಯ ಕೋಲನ್ನು ಅವಳ ಕೈಗಿಟ್ಟೆ: ನೀ ಇದರೊಳಗ ಅದಿ.
ಉಗುರಿನಿಂದ ಉದ್ದಕ್ಕೂ ಎಳೆದಳು,
ಬೇರೆಯವರು ಎಲ್ಲಿ ಮುಗಿದು ತಾನೆಲ್ಲಿ ಶುರುವೆಂದು
ಗೆರೆಯೊಂದನ್ನು ಹುಡುಕುತ್ತ.
ರಾಜೇಸಾಬ ಗೆರೆ ಕೊರೆದಿರಲಿಲ್ಲ. ಒಂದೇ ಕಲ್ಲು.
ತಿರುಗಿಸಿ, ಇನ್ನೊಂದು ಮಗ್ಗುಲಿಗೂ ಎಳೆದು ನೋಡಿದಳು.

ಅಡುಗೆಕೋಣೆಯಲ್ಲಿ
ಗ್ಯಾನವ್ವ ಮತ್ತೊಂದು ತಾಟು ಇಳಿಸಿದ ಸದ್ದಾಯಿತು.